ಅಂತರ್ಜಾಲದ ರಿಜಿಸ್ಟರ್ ಬರೆದ ಜಾನ್ ಪೋಸ್ಟೆಲ್

ನಮ್ಮ ಪ್ರತಿಯೊಂದು ಜಮಾಅತ್‌ನಲ್ಲೂ ಒಂದು ರಿಜಿಸ್ಟರ್ ಇರುತ್ತದೆ. ಯಾವ ಮನೆಯವರು ಯಾರು, ಯಾರ ನಿಕಾಹ್ ಯಾವ ದಿನ ನಡೆಯಿತು, ಯಾರ ವಂತಿಗೆ ಬಂತು, ಯಾರದು ಬಾಕಿ ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ಅದನ್ನು ಬರೆಯುವವರ ಹೆಸರು ಸಭೆಯ ನೋಟೀಸಿನಲ್ಲಿ ದಪ್ಪಕ್ಷರದಲ್ಲಿ ಬರುವುದಿಲ್ಲ. ಆದರೆ ಆ ಪುಸ್ತಕದಲ್ಲಿ ತಪ್ಪಾದರೆ ಊರಿನ ವ್ಯವಹಾರವೇ ಏರುಪೇರಾಗುತ್ತದೆ.

ಇಡೀ ಜಗತ್ತಿನ ಕಂಪ್ಯೂಟರುಗಳಿಗೂ ಅಂಥದೊಂದು ರಿಜಿಸ್ಟರ್ ಇದೆ ಎಂದರೆ ನೀವು ನಂಬುತ್ತೀರಾ? ಅದನ್ನು 1972ರಿಂದ 1998ರವರೆಗೆ, ಅಂದರೆ ಸುಮಾರು 26 ವರ್ಷಗಳ ಕಾಲ ಮುಖ್ಯವಾಗಿ ಒಬ್ಬರೇ ವ್ಯಕ್ತಿ ನೋಡಿಕೊಂಡರು. ಅವರೇ ಜೋನಾಥನ್ ಪೋಸ್ಟೆಲ್. ಎಲ್ಲರೂ ಅವರನ್ನು ಜಾನ್ ಎಂದು ಕರೆಯುತ್ತಿದ್ದರು. ಇಂದು ನೀವು ಮೊಬೈಲಿನಲ್ಲಿ ಫಲಿತಾಂಶ ನೋಡುವಾಗಲೂ, ಗಲ್ಫ್‌ನಲ್ಲಿರುವ ಅಣ್ಣನಿಗೆ ಇ-ಮೇಲ್ ಕಳಿಸುವಾಗಲೂ ಅವರು ತಿದ್ದಿ, ಒಪ್ಪವಾಗಿಸಿ, ಕಾಪಾಡಿದ ನಿಯಮಗಳೇ ಕೆಲಸ ಮಾಡುತ್ತಿರುತ್ತವೆ. ಜ್ಞಾನ ಯಾರ ಬಳಿಯಿದ್ದರೂ ಹೋಗಿ ಕಲಿಯಬೇಕೆಂಬುದು ನಮ್ಮ ಹಿರಿಯರು ಹಾಕಿಕೊಟ್ಟ ದಾರಿ. ಆ ದೃಷ್ಟಿಯಿಂದ ಈ ಬದುಕನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಜಾನ್ ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ. ಲಾಸ್ ಏಂಜಲೀಸ್ ನಗರದ ವ್ಯಾನ್ ನೈಸ್ ಹೈಸ್ಕೂಲಿನಲ್ಲಿ ಓದಿದರು. ಮುಂದೆ ಅಂತರ್ಜಾಲದ ಶಿಲ್ಪಿಗಳೆನಿಸಿದ ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಕೂಡ ಅದೇ ಶಾಲೆಯವರು ಎಂಬುದು ಗಮನಾರ್ಹ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಪದವಿ, 1968ರಲ್ಲಿ ಸ್ನಾತಕೋತ್ತರ ಪದವಿ ಪಡೆದು, 1974ರಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಗಳಿಸಿದರು. ಅವರ ಪ್ರಬಂಧದ ವಿಷಯವೇ ಕಂಪ್ಯೂಟರುಗಳ ನಡುವಣ ಸಂಪರ್ಕದ ನಿಯಮಗಳು.

ಅವರು ವಿದ್ಯಾರ್ಥಿಯಾಗಿದ್ದಾಗಲೇ, 1969ರಲ್ಲಿ, ಅಮೆರಿಕ ಸರ್ಕಾರದ ರಕ್ಷಣಾ ಇಲಾಖೆಯ ಹಣದಿಂದ ಅರ್ಪಾನೆಟ್ ಎಂಬ ಜಾಲ ಆರಂಭವಾಯಿತು. ಅದರ ಮೊದಲ ಕೇಂದ್ರ ಇದ್ದುದು ಪೋಸ್ಟೆಲ್ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲೇ. ಅದೇ ವರ್ಷದ ಅಕ್ಟೋಬರ್ 29ರಂದು ಅಲ್ಲಿಂದ ಸ್ಟ್ಯಾನ್‌ಫೋರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ ಮೊದಲ ಸಂದೇಶ ಕಳಿಸಲಾಯಿತು. ಲಾಗಿನ್ ಎಂಬ ಪದದ ಮೊದಲ ಎರಡು ಅಕ್ಷರ ತಲುಪುವಷ್ಟರಲ್ಲಿ ಆ ಕಡೆಯ ಯಂತ್ರ ನಿಂತುಹೋಯಿತು. ಇಂದಿನ ಅಂತರ್ಜಾಲದ ಆರಂಭ ಹಾಗಿತ್ತು.

ಪ್ರೋಟೊಕಾಲ್ ಎಂದರೇನು?

ಮಡಿಕೇರಿಯ ಸಂತೆಯಲ್ಲಿ ಕೊಡವ ತಕ್ಕ್, ಬ್ಯಾರಿ, ಮಲಯಾಳ, ಅರೆಭಾಷೆ, ತುಳು ಮಾತಾಡುವವರೆಲ್ಲ ಸೇರುತ್ತಾರೆ. ವ್ಯಾಪಾರ ನಡೆಯಬೇಕಾದರೆ ಇಬ್ಬರಿಗೂ ತಿಳಿದ ಒಂದು ರೀತಿಯನ್ನು ಒಪ್ಪಿಕೊಳ್ಳಲೇಬೇಕು. ಕಂಪ್ಯೂಟರುಗಳೂ ಹಾಗೆಯೇ. ಬೇರೆ ಬೇರೆ ಕಂಪನಿಗಳು ತಯಾರಿಸಿದ ಯಂತ್ರಗಳು ಪರಸ್ಪರ ಮಾತಾಡಲು ಮೊದಲೇ ಒಪ್ಪಿಕೊಂಡ ನಿಯಮಗಳು ಬೇಕು. ಯಾರು ಮೊದಲು ಮಾತಾಡಬೇಕು, ವಿಳಾಸ ಎಲ್ಲಿ ಬರೆಯಬೇಕು, ತಲುಪಿತೆಂದು ಹೇಗೆ ತಿಳಿಸಬೇಕು ಎಂಬ ಈ ನಿಯಮಾವಳಿಗೇ ಪ್ರೋಟೊಕಾಲ್ ಎಂದು ಹೆಸರು.

ಈ ನಿಯಮಗಳನ್ನು ಬರೆದಿಡಲು ಸ್ಟೀವ್ ಕ್ರಾಕರ್ 1969ರ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ ಎಂಬ ಪತ್ರಮಾಲೆಯನ್ನು ಆರಂಭಿಸಿದರು. ಅಭಿಪ್ರಾಯ ತಿಳಿಸಿ ಎಂಬ ವಿನಯದ ಕೋರಿಕೆ ಆ ಹೆಸರಿನಲ್ಲೇ ಇದೆ. ಈ ಮಾಲೆಯ ಸಂಪಾದಕರಾಗಿ ಪೋಸ್ಟೆಲ್ ತಮ್ಮ ಕೊನೆಯವರೆಗೂ ದುಡಿದರು. ಎರಡು ಸಾವಿರಕ್ಕೂ ಹೆಚ್ಚು ಪತ್ರಗಳು ಅವರ ಕೈಯಲ್ಲಿ ತಿದ್ದಿಸಿಕೊಂಡು ಹೊರಬಂದವು. ಇವನ್ನು ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಒಮ್ಮೆ ಪ್ರಕಟವಾದ ಪತ್ರವನ್ನು ಮತ್ತೆ ತಿದ್ದುವಂತಿಲ್ಲ. ಬದಲಾವಣೆ ಬೇಕಾದರೆ ಹೊಸ ಸಂಖ್ಯೆಯಲ್ಲಿ ಹೊಸ ಪತ್ರ ಬರಬೇಕು. ಹಳೆಯದು ಹಾಗೆಯೇ ಉಳಿಯುತ್ತದೆ. ಹೀಗಾಗಿ ಯಾವ ನಿಯಮ ಯಾರಿಂದ, ಯಾವಾಗ, ಹೇಗೆ ಬಂತೆಂಬ ಸರಪಳಿ ಇಂದಿಗೂ ಕಡಿದಿಲ್ಲ.

ಅಂಕಿಗಳ ಪುಸ್ತಕ

1972ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಪಿನ್ ಕೋಡ್ ಜಾರಿಗೆ ಬಂತು. ಮಡಿಕೇರಿಗೆ 571201, ವಿರಾಜಪೇಟೆಗೆ 571218 ಎಂದು ನೀವು ಬರೆಯುತ್ತೀರಲ್ಲ, ಅದೇ. ಅದೇ ವರ್ಷದ ಮೇ ತಿಂಗಳಲ್ಲಿ ಪೋಸ್ಟೆಲ್ ಒಂದು ಸಲಹೆ ಮುಂದಿಟ್ಟಿದ್ದರು. ಜಾಲದ ಯಾವ ಸೇವೆಗೆ ಯಾವ ಸಂಖ್ಯೆ ಎಂಬುದನ್ನು ಎಲ್ಲರೂ ಮನಬಂದಂತೆ ಬಳಸಿದರೆ ಗೊಂದಲವಾಗುತ್ತದೆ, ಒಬ್ಬರು ಕುಳಿತು ಲೆಕ್ಕ ಇಡಬೇಕು ಎಂಬುದು ಅದರ ಸಾರಾಂಶ. ಆ ಕೆಲಸ ಅವರ ಹೆಗಲಿಗೇ ಬಿತ್ತು.

ಈ ಸಂಖ್ಯೆಗಳಲ್ಲಿ ಮುಖ್ಯವಾದವು ಪೋರ್ಟ್ ಸಂಖ್ಯೆಗಳು. ತಾಲ್ಲೂಕು ಕಚೇರಿಯ ವಿಳಾಸ ಒಂದೇ ಆದರೂ ಪಹಣಿಗೆ ಒಂದು ಕೌಂಟರ್, ಆದಾಯ ಪ್ರಮಾಣಪತ್ರಕ್ಕೆ ಇನ್ನೊಂದು ಕೌಂಟರ್ ಇರುವಂತೆ, ಒಂದೇ ಕಂಪ್ಯೂಟರಿನಲ್ಲಿ ಹಲವು ಸೇವೆಗಳಿರುತ್ತವೆ. ಕಡತ ವರ್ಗಾಯಿಸುವ ಎಫ್‌ಟಿಪಿಗೆ 21, ಇ-ಮೇಲ್ ಸಾಗಿಸುವ ಎಸ್‌ಎಂಟಿಪಿಗೆ 25, ಹೆಸರು ಹುಡುಕಿಕೊಡುವ ಡಿಎನ್‌ಎಸ್‌ಗೆ 53, ವೆಬ್ ಪುಟ ತರುವ ಎಚ್‌ಟಿಟಿಪಿಗೆ 80, ಅದರ ಸುರಕ್ಷಿತ ರೂಪವಾದ ಎಚ್‌ಟಿಟಿಪಿಎಸ್‌ಗೆ 443. ವಿದ್ಯಾರ್ಥಿಗಳೇ, ಈ ಐದು ಸಂಖ್ಯೆಗಳನ್ನು ನೆನಪಿಡಿ. ಪರೀಕ್ಷೆಗೂ ಬೇಕು, ಕೆಲಸಕ್ಕೂ ಬೇಕು.

1995ರ ಜುಲೈಯಲ್ಲಿ ಫಿನ್‌ಲೆಂಡಿನ ತಾತು ಯಲೋನೆನ್ ಎಂಬ ಸಂಶೋಧಕರು ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಪ್ರವೇಶಿಸುವ ಎಸ್‌ಎಸ್‌ಎಚ್ ಎಂಬ ಹೊಸ ಪ್ರೋಟೊಕಾಲ್ ರಚಿಸಿ, ಅದಕ್ಕೊಂದು ಸಂಖ್ಯೆ ಕೊಡಿ ಎಂದು ಈ ಕಚೇರಿಗೆ ಇ-ಮೇಲ್ ಬರೆದರು. ಮರುದಿನವೇ ಪೋಸ್ಟೆಲ್ ಅವರ ಸಹೋದ್ಯೋಗಿ ಜಾಯ್ಸ್ ರೆನಾಲ್ಡ್ಸ್ ಅವರಿಂದ ಉತ್ತರ ಬಂತು. 22 ಅವರದಾಯಿತು. ಶಿಫಾರಸು, ಲಂಚ, ಅಲೆದಾಟ ಯಾವುದೂ ಬೇಕಾಗಲಿಲ್ಲ. ಕೇಳಿದ್ದು ನ್ಯಾಯವಾಗಿದ್ದರೆ ಕೇಳಿದವರು ಯಾರೆಂದು ಅಲ್ಲಿ ನೋಡುತ್ತಿರಲಿಲ್ಲ.

ಐಪಿ, ಟಿಸಿಪಿ ಮತ್ತು ಯುಡಿಪಿ

1977ರಲ್ಲಿ ಪೋಸ್ಟೆಲ್ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಆಗ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ರೂಪಿಸಿದ್ದ ಟಿಸಿಪಿ ಎಂಬ ಒಂದೇ ನಿಯಮದಲ್ಲಿ ಎಲ್ಲ ಕೆಲಸಗಳೂ ಸೇರಿಕೊಂಡಿದ್ದವು. ದಾರಿ ತೋರಿಸುವ ಕೆಲಸ ಬೇರೆ, ತಲುಪಿದೆಯೇ ಎಂದು ಖಾತರಿ ಮಾಡುವ ಕೆಲಸ ಬೇರೆ, ಎರಡನ್ನೂ ಒಂದರಲ್ಲೇ ತುರುಕಬಾರದು ಎಂದು ಪೋಸ್ಟೆಲ್ ಅದೇ ವರ್ಷ ಬರೆದರು. ಅವರ ಮಾತಿಗೆ ಬೆಲೆ ಬಂತು. ಒಂದು ನಿಯಮ ಎರಡಾಯಿತು.

ಐಪಿ ಮಾಡುವುದು ವಿಳಾಸ ಮತ್ತು ದಾರಿಯ ಕೆಲಸ. ನೀವು ಕಳಿಸುವ ಮಾಹಿತಿಯನ್ನು ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಮಾಡಿ, ಪ್ರತಿಯೊಂದರ ಮೇಲೂ ಕಳಿಸುವವರ ಮತ್ತು ಪಡೆಯುವವರ ವಿಳಾಸ ಬರೆಯಲಾಗುತ್ತದೆ. ದಾರಿಯಲ್ಲಿರುವ ರೂಟರುಗಳು ವಿಳಾಸ ನೋಡಿ ಮುಂದಿನ ನೆಲೆಗೆ ದಾಟಿಸುತ್ತವೆ. 1340ರ ದಶಕದಲ್ಲಿ ನಮ್ಮ ಮಂಗಳೂರು, ಹೊನ್ನಾವರಗಳಿಗೂ ಬಂದಿದ್ದ ಪ್ರವಾಸಿ ಇಬ್ನ್ ಬತೂತಾ ಈ ದೇಶದ ಅಂಚೆಯನ್ನು ವರ್ಣಿಸಿದ್ದಾರೆ. ಗಂಟೆ ಕಟ್ಟಿದ ಕೋಲು ಹಿಡಿದ ಓಟಗಾರ ಸ್ವಲ್ಪ ದೂರ ಓಡಿ, ಕಾದು ನಿಂತ ಮತ್ತೊಬ್ಬನಿಗೆ ಪತ್ರ ಕೊಡುತ್ತಿದ್ದ. ಯಾವ ಓಟಗಾರನಿಗೂ ಇಡೀ ದಾರಿ ಗೊತ್ತಿರಬೇಕಾಗಿರಲಿಲ್ಲ. ಮುಂದಿನ ನೆಲೆ ಗೊತ್ತಿದ್ದರೆ ಸಾಕಿತ್ತು. ರೂಟರು ಮಾಡುವುದೂ ಅದನ್ನೇ.

ಒಂದು ದಾರಿ ಕಡಿದರೆ? 2018ರ ಆಗಸ್ಟ್‌ನ ಮಹಾಮಳೆಯಲ್ಲಿ ಮಡಿಕೇರಿ-ಸಂಪಾಜೆ ರಸ್ತೆ ಕುಸಿದಾಗ ಸುಳ್ಯದ ಕಡೆಗೆ ಹೋಗುವವರು ಭಾಗಮಂಡಲ-ಕರಿಕೆ ದಾರಿ ಹಿಡಿದದ್ದು ನಿಮಗೆ ನೆನಪಿರಬಹುದು. ಪ್ಯಾಕೆಟ್ಟುಗಳೂ ಹಾಗೆಯೇ ಬೇರೆ ದಾರಿ ಹಿಡಿಯುತ್ತವೆ. ಆದರೆ ಬೇರೆ ಬೇರೆ ದಾರಿಯಲ್ಲಿ ಹೋದವು ಹಿಂದುಮುಂದಾಗಿ ತಲುಪಬಹುದು, ಕೆಲವು ಕಳೆದೂ ಹೋಗಬಹುದು.

ಅಲ್ಲಿಗೆ ಬರುತ್ತದೆ ಟಿಸಿಪಿ. ನಲವತ್ತು ಪುಟದ ಪುಸ್ತಕವನ್ನು ನೀವು ನಲವತ್ತು ಅಂಚೆ ಕಾರ್ಡುಗಳಲ್ಲಿ ಬರೆದು ಕಳಿಸುತ್ತೀರಿ ಎಂದುಕೊಳ್ಳಿ. ಪ್ರತಿ ಕಾರ್ಡಿಗೂ ಕ್ರಮಸಂಖ್ಯೆ ಹಾಕುತ್ತೀರಿ. ಪಡೆದವರು ಇಷ್ಟರವರೆಗೆ ಬಂತೆಂದು ಮರುಟಪಾಲು ಹಾಕುತ್ತಾರೆ. ಹದಿನೇಳನೆಯದು ತಲುಪಿಲ್ಲವೆಂದು ಗೊತ್ತಾದರೆ ಅದನ್ನು ಮತ್ತೆ ಕಳಿಸುತ್ತೀರಿ. ಟಿಸಿಪಿ ಹೀಗೆ ಸಂಖ್ಯೆ, ಸ್ವೀಕೃತಿ, ಮರುರವಾನೆಗಳ ಮೂಲಕ ಒಂದಕ್ಷರವೂ ತಪ್ಪದಂತೆ ನೋಡಿಕೊಳ್ಳುತ್ತದೆ. ಇ-ಮೇಲ್, ಅರ್ಜಿ, ಬ್ಯಾಂಕ್ ವ್ಯವಹಾರಗಳಿಗೆ ಅದು ಬೇಕೇ ಬೇಕು.

ಯುಡಿಪಿ ಇದಕ್ಕೆ ವ್ಯತಿರಿಕ್ತ. ಅದು ಸ್ವೀಕೃತಿಗೆ ಕಾಯುವುದಿಲ್ಲ. ಫೋನಿನಲ್ಲಿ ತಾಯಿಯೊಡನೆ ಮಾತಾಡುವಾಗ ಅರ್ಧ ಕ್ಷಣದ ಸದ್ದು ಕಳೆದರೆ ಅದನ್ನು ಮತ್ತೆ ತರಿಸಿ ಪ್ರಯೋಜನವಿಲ್ಲ, ಮಾತು ಮುಂದೆ ಹೋಗಿರುತ್ತದೆ. ಆದ್ದರಿಂದ ಅಂತರ್ಜಾಲದ ಮೂಲಕ ನಡೆಯುವ ಧ್ವನಿ ಮತ್ತು ವಿಡಿಯೊ ಕರೆಗಳಿಗೆ ಹೆಚ್ಚಾಗಿ ಯುಡಿಪಿ ಬಳಸುತ್ತಾರೆ. 1980ರಲ್ಲಿ ಯುಡಿಪಿಯನ್ನು ವಿವರಿಸಿದ ಪತ್ರ ಪೋಸ್ಟೆಲ್ ಅವರದೇ. 1981ರ ಸೆಪ್ಟೆಂಬರಿನಲ್ಲಿ ಐಪಿ, ಟಿಸಿಪಿ ಹಾಗೂ ದಾರಿಯ ತೊಂದರೆಗಳನ್ನು ವರದಿ ಮಾಡುವ ಐಸಿಎಂಪಿಯ ಪತ್ರಗಳೂ ಅವರ ಸಂಪಾದಕತ್ವದಲ್ಲಿ ಬಂದವು. ಜಾಲ ಸರಿಯಿದೆಯೇ ಎಂದು ನೋಡಲು ನೀವು ಪಿಂಗ್ ಎಂದು ಟೈಪ್ ಮಾಡುತ್ತೀರಲ್ಲ, ಅದು ಬಳಸುವುದು ಈ ಐಸಿಎಂಪಿಯನ್ನೇ.

1983ರ ಜನವರಿ 1ರಂದು ಅರ್ಪಾನೆಟ್ ಹಳೆಯ ನಿಯಮವನ್ನು ಬಿಟ್ಟು ಟಿಸಿಪಿ-ಐಪಿಗೆ ಬದಲಾಯಿತು. ಆ ಬದಲಾವಣೆಯ ಯೋಜನೆ ಬರೆದವರೂ ಪೋಸ್ಟೆಲ್.

ಈ ಪತ್ರಗಳಲ್ಲಿ ಅವರು ಒಂದು ನೀತಿಯನ್ನೂ ಸೇರಿಸಿದರು. ಕಳಿಸುವಾಗ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು, ಪಡೆಯುವಾಗ ಎದುರಿನವರ ಸಣ್ಣಪುಟ್ಟ ತಪ್ಪುಗಳನ್ನು ಸಹಿಸಬೇಕು ಎಂಬುದು ಅದರ ಭಾವ. ಅತಿಯಾದ ಸಡಿಲಿಕೆ ಸುರಕ್ಷತೆಗೆ ಕುಂದು ತರುತ್ತದೆಂದು ಇಂದಿನ ತಂತ್ರಜ್ಞರು ಎಚ್ಚರಿಸುತ್ತಾರೆ, ಅದೂ ನಿಜ. ಆದರೆ ಭಿನ್ನ ಯಂತ್ರಗಳು ಒಂದೇ ಜಾಲದಲ್ಲಿ ಸೇರಿ ಬೆಳೆಯಲು ಆ ಸೈರಣೆ ಅಂದು ನೆರವಾಯಿತು.

ಹೆಸರುಗಳ ನ್ಯಾಯ

ಮೊದಲು ಜಾಲದ ಎಲ್ಲ ಕಂಪ್ಯೂಟರುಗಳ ಹೆಸರು ಮತ್ತು ವಿಳಾಸ ಒಂದೇ ಪಟ್ಟಿಯಲ್ಲಿತ್ತು. ಎಲಿಜಬೆತ್ ಫೀನ್ಲರ್ ಎಂಬ ಮಹಿಳೆಯ ನೇತೃತ್ವದ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಜಾಲ ಬೆಳೆದಂತೆ ಒಂದೇ ಪಟ್ಟಿ ಸಾಲದಾಯಿತು. ಪೋಸ್ಟೆಲ್ ತಮ್ಮ ಸಹೋದ್ಯೋಗಿ ಪಾಲ್ ಮೊಕಾಪೆಟ್ರಿಸ್ ಅವರಿಗೆ ಪರಿಹಾರ ಹುಡುಕುವ ಕೆಲಸ ವಹಿಸಿದರು. 1983ರಲ್ಲಿ ಡಿಎನ್‌ಎಸ್ ಹುಟ್ಟಿತು. ನೀವು ಹೆಸರು ಟೈಪ್ ಮಾಡಿದಾಗ ಅದಕ್ಕೆ ಸರಿಯಾದ ಐಪಿ ಸಂಖ್ಯೆಯನ್ನು ಹುಡುಕಿಕೊಡುವುದು ಅದೇ.

ಪ್ರತಿ ದೇಶಕ್ಕೂ ಎರಡಕ್ಷರದ ಹೆಸರು ಕೊಡುವಾಗ ಕಷ್ಟದ ಪ್ರಶ್ನೆ ಬಂತು. ಯಾವುದು ದೇಶ, ಯಾವುದು ಅಲ್ಲ ಎಂದು ತೀರ್ಮಾನಿಸುವವರು ಯಾರು? ಪೋಸ್ಟೆಲ್ ಆ ಅಧಿಕಾರವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ. ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಪಟ್ಟಿಯಲ್ಲಿರುವ ಸಂಕೇತಗಳನ್ನೇ ಬಳಸುವ ಕ್ರಮ ಅನುಸರಿಸಿದರು. ಆ ನಿಯಮ ಅವರ ಮರಣದ ನಂತರವೂ ನಡೆಯಿತು. 1999ರಲ್ಲಿ ಆ ಪಟ್ಟಿಗೆ ಪ್ಯಾಲೆಸ್ತೀನ್ ಪ್ರದೇಶ ಸೇರಿತು, 2000ದಲ್ಲಿ ಅಂತರ್ಜಾಲದಲ್ಲಿ ಅದಕ್ಕೆ ಡಾಟ್ ಪಿಎಸ್ ಎಂಬ ಹೆಸರು ಸಿಕ್ಕಿತು. ಒಬ್ಬ ಮನುಷ್ಯನ ಇಷ್ಟಾನಿಷ್ಟದ ಮೇಲೆ ನಿಲ್ಲದ ನಿಯಮದ ಬೆಲೆ ಇದು.

ನಮ್ಮ ದೇಶದ ಡಾಟ್ ಇನ್ ದಾಖಲಾದದ್ದು 1989ರ ಮೇ ತಿಂಗಳಲ್ಲಿ, ಪೋಸ್ಟೆಲ್ ಅವರ ಕಾಲದಲ್ಲೇ. ಅದಕ್ಕೆ ಮೂರು ವರ್ಷ ಮೊದಲು, 1986ರಲ್ಲಿ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಅರ್ನೆಟ್ ಎಂಬ ಶೈಕ್ಷಣಿಕ ಜಾಲ ಆರಂಭವಾಗಿತ್ತು. ಅದರ ಆರಂಭದ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಿಂದ. ಇಂದು ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂಬ ಹೆಸರೂ ಇದೆ.

ಒಂದು ಅರ್ಜಿಯ ಪಯಣ

ವಿರಾಜಪೇಟೆಯ ವಿದ್ಯಾರ್ಥಿನಿಯೊಬ್ಬಳು ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುತ್ತಾಳೆ ಎಂದುಕೊಳ್ಳಿ. ಅವಳು ಜಾಲತಾಣದ ಹೆಸರು ಬರೆದೊಡನೆ ಡಿಎನ್‌ಎಸ್ ಅದರ ಸಂಖ್ಯೆ ಹುಡುಕುತ್ತದೆ. ಐಪಿ ದಾರಿ ಹಿಡಿಯುತ್ತದೆ. ಟಿಸಿಪಿ ತುಂಡುಗಳನ್ನು ಎಣಿಸಿ ಒಪ್ಪಿಸುತ್ತದೆ. ಎಚ್‌ಟಿಟಿಪಿಎಸ್ ಅವಳ ಬ್ಯಾಂಕ್ ಖಾತೆಯ ವಿವರವನ್ನು ನಡುವೆ ಯಾರೂ ಓದದಂತೆ ಗೂಢಲಿಪಿಯಲ್ಲಿ ಮುಚ್ಚಿ ಒಯ್ಯುತ್ತದೆ. ಅರ್ಜಿ ಸಿಕ್ಕಿತೆಂಬ ಇ-ಮೇಲ್ ಅನ್ನು ಎಸ್‌ಎಂಟಿಪಿ ಸರ್ವರಿನಿಂದ ಸರ್ವರಿಗೆ ದಾಟಿಸುತ್ತದೆ. ಅದನ್ನು ಐಮ್ಯಾಪ್ ಅಥವಾ ಪಾಪ್ ಎಂಬ ಪ್ರೋಟೊಕಾಲ್ ಅವಳ ಮೊಬೈಲಿಗೆ ತಂದುಕೊಡುತ್ತದೆ. ಎಸ್‌ಎಂಟಿಪಿಯ 1982ರ ಮೂಲ ಪತ್ರವನ್ನು ಬರೆದವರು ಪೋಸ್ಟೆಲ್. ಎಫ್‌ಟಿಪಿಯ 1985ರ ಪತ್ರವನ್ನು ಅವರು ಜಾಯ್ಸ್ ರೆನಾಲ್ಡ್ಸ್ ಜೊತೆ ಸೇರಿ ಬರೆದರು. ಬ್ರೌಸರುಗಳು ಎಫ್‌ಟಿಪಿಯನ್ನು 2021ರ ಸುಮಾರಿಗೆ ಕೈಬಿಟ್ಟವು, ಎಸ್‌ಎಂಟಿಪಿ ಮಾತ್ರ ಇಂದಿಗೂ ಜಗತ್ತಿನ ಟಪಾಲು ಹೊರುತ್ತಿದೆ.

ಇಷ್ಟೆಲ್ಲ ಮಾಡಿದವರು ಹೇಗಿದ್ದರು ಗೊತ್ತೇ? ಉದ್ದನೆಯ ಗಡ್ಡ, ಕಾಲಿಗೆ ಸಾದಾ ಚಪ್ಪಲಿ. ರಜೆ ಸಿಕ್ಕರೆ ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಹತ್ತಲು ಹೊರಟುಬಿಡುತ್ತಿದ್ದರು. 1995ರಿಂದ ಹೆಸರುಗಳ ನೋಂದಣಿ ಶುಲ್ಕದ ದೊಡ್ಡ ವ್ಯಾಪಾರವಾಯಿತು. ಹೆಸರು ಮತ್ತು ಸಂಖ್ಯೆಗಳ ಮೂಲ ಪುಸ್ತಕ ಕೈಯಲ್ಲಿದ್ದ ಪೋಸ್ಟೆಲ್ ಮಾತ್ರ ವಿಶ್ವವಿದ್ಯಾಲಯದ ಸಂಬಳದ ಸಂಶೋಧಕರಾಗಿಯೇ ಉಳಿದರು.

ಅಮಾನತ್‌ನ ಪರೀಕ್ಷೆ

ಅವರ ಬದುಕಿನ ಅತ್ಯಂತ ಕಠಿಣ ಘಟ್ಟ 1998ರಲ್ಲಿ ಬಂತು. ಡಿಎನ್‌ಎಸ್‌ನ ಬೇರು ಎನ್ನಬಹುದಾದ 13 ಮೂಲ ಸರ್ವರುಗಳಿದ್ದವು. ಅವುಗಳಲ್ಲಿ ಮುಖ್ಯವಾದದ್ದು ಸರ್ಕಾರದ ಒಪ್ಪಂದ ಪಡೆದ ಖಾಸಗಿ ಕಂಪನಿಯೊಂದರ ಬಳಿಯಿತ್ತು. ಉಳಿದ 12 ಅದನ್ನು ನಕಲು ಮಾಡಿಕೊಳ್ಳುತ್ತಿದ್ದವು. ಈ ಪಟ್ಟಿ ಮುಂದೆ ಯಾರ ಕೈಯಲ್ಲಿರಬೇಕೆಂಬ ವಾದ ಜೋರಾಗಿತ್ತು. ಜನವರಿ 28ರಂದು ಪೋಸ್ಟೆಲ್ ಆ 12ರ ಪೈಕಿ 8 ಸರ್ವರುಗಳ ನಿರ್ವಾಹಕರಿಗೆ ಇ-ಮೇಲ್ ಬರೆದು, ಇನ್ನು ಮುಂದೆ ಮೂಲ ಪಟ್ಟಿಯನ್ನು ತಮ್ಮ ಸಂಸ್ಥೆಯ ಕಂಪ್ಯೂಟರಿನಿಂದ ಪಡೆಯಿರಿ ಎಂದು ಕೇಳಿಕೊಂಡರು. ಅವರು ಮರುಮಾತಿಲ್ಲದೆ ಹಾಗೆಯೇ ಮಾಡಿದರು. ಬಳಕೆದಾರರಿಗೆ ಇದರಿಂದ ಏನೂ ತೊಂದರೆಯಾಗಲಿಲ್ಲ. ಆದರೆ ಅಮೆರಿಕ ಸರ್ಕಾರ ಬೆಚ್ಚಿಬಿತ್ತು. ಅಧಿಕಾರಿಗಳ ಒತ್ತಾಯದ ಮೇಲೆ ಕೆಲವೇ ದಿನಗಳಲ್ಲಿ ಪೋಸ್ಟೆಲ್ ಎಲ್ಲವನ್ನೂ ಮೊದಲಿನಂತೆ ಮಾಡಿಸಿದರು. ಇದೊಂದು ಪ್ರಯೋಗವಷ್ಟೇ ಎಂದು ವಿವರಿಸಿದರು.

ಅವರು ಮಾಡಿದ್ದು ಸರಿಯೇ ತಪ್ಪೇ ಎಂಬ ಬಗ್ಗೆ ಇಂದಿಗೂ ಭಿನ್ನಾಭಿಪ್ರಾಯವಿದೆ. ಆದರೆ ಓದುಗರೇ, ಎರಡು ಸಂಗತಿಗಳನ್ನು ಗಮನಿಸಿ. ಒಂದು, ಯಾವ ಹುದ್ದೆಯ ಬಲವೂ ಇಲ್ಲದ ಒಬ್ಬ ಲೆಕ್ಕ ಬರೆಯುವವನ ಮಾತಿಗೆ ಜನ ತಲೆಬಾಗಿದರು. ಅದು ಹಲವು ವರ್ಷಗಳ ಪ್ರಾಮಾಣಿಕತೆ ಗಳಿಸಿಕೊಟ್ಟ ವಿಶ್ವಾಸ. ಎರಡು, ಇಡೀ ಜಗತ್ತಿನ ವ್ಯವಸ್ಥೆ ಒಬ್ಬ ಮನುಷ್ಯನ ವಿಶ್ವಾಸದ ಮೇಲೆ ನಿಂತಿರುವುದು ಎಷ್ಟು ಅಪಾಯ ಎಂಬುದೂ ಅಂದೇ ಬಯಲಾಯಿತು. ಆ ಮನುಷ್ಯ ಒಳ್ಳೆಯವರಾಗಿದ್ದರೂ ಅಪಾಯವೇ. ಏಕೆಂದರೆ ಮನುಷ್ಯನ ಆಯುಸ್ಸು ಅವನ ಕೈಯಲ್ಲಿಲ್ಲ.

ಇದನ್ನು ಪೋಸ್ಟೆಲ್ ಸ್ವತಃ ಅರಿತಿದ್ದರು. ತಮ್ಮ ಪುಸ್ತಕವನ್ನು ಒಂದು ಸಂಸ್ಥೆಗೆ ಒಪ್ಪಿಸಲು ಅವರು ಆ ವರ್ಷವೆಲ್ಲ ದುಡಿದರು. 1998ರ ಸೆಪ್ಟೆಂಬರ್ ಅಂತ್ಯಕ್ಕೆ ಐಕ್ಯಾನ್ ಎಂಬ ಲಾಭರಹಿತ ಸಂಸ್ಥೆ ನೋಂದಣಿಯಾಯಿತು. ಅದಾಗಿ ಮೂರು ವಾರವೂ ಕಳೆದಿರಲಿಲ್ಲ, ಅಕ್ಟೋಬರ್ 16ರಂದು ಹೃದಯ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಯಿಂದ ಅವರು ಲಾಸ್ ಏಂಜಲೀಸ್‌ನಲ್ಲಿ ನಿಧನರಾದರು. ಆಗ ಅವರಿಗೆ 55 ವರ್ಷ. ಅವರಿಲ್ಲವಾದ ದಿನವೂ ಅಂತರ್ಜಾಲ ನಿಲ್ಲಲಿಲ್ಲ. ಶಾಲೆಯ ಗೆಳೆಯ ವಿಂಟ್ ಸರ್ಫ್ ಬರೆದ ಶ್ರದ್ಧಾಂಜಲಿ, ಪೋಸ್ಟೆಲ್ ಜೀವನವಿಡೀ ತಿದ್ದಿದ ಆರ್‌ಎಫ್‌ಸಿ ಮಾಲೆಯಲ್ಲೇ 2468ನೆಯ ಪತ್ರವಾಗಿ ಪ್ರಕಟವಾಯಿತು. 2016ರ ಅಕ್ಟೋಬರ್ 1ರಂದು ಆ ಸಂಖ್ಯೆ ಮತ್ತು ಹೆಸರುಗಳ ಪುಸ್ತಕದ ಮೇಲಿದ್ದ ಅಮೆರಿಕ ಸರ್ಕಾರದ ಮೇಲ್ವಿಚಾರಣೆಯ ಒಪ್ಪಂದವೂ ಕೊನೆಗೊಂಡಿತು.

ನಮಗಿರುವ ಪಾಠ

ಲೆಕ್ಕಪುಸ್ತಕವೆಂಬುದು ಅಮಾನತ್. ಅದನ್ನು ಹಿಡಿದವರು ಅದರ ಒಡೆಯರಲ್ಲ. ನಮ್ಮ ಸಂಘ, ಮದ್ರಸ, ಶಾಲೆಗಳಲ್ಲಿ ದಾಖಲೆಗಳು ಹೇಗಿವೆ? ವಿದ್ಯಾರ್ಥಿವೇತನದ ಪಟ್ಟಿ, ಸದಸ್ಯರ ವಿವರ, ಆಸ್ತಿಯ ಕಾಗದಗಳು ಒಬ್ಬ ಕಾರ್ಯದರ್ಶಿಯ ಮನೆಯ ಕಪಾಟಿನಲ್ಲಿದ್ದು, ಅವರು ತೀರಿಕೊಂಡ ಮೇಲೆ ಯಾರಿಗೂ ಸಿಗದೆ ಹೋದರೆ ಯಾರ ಹಕ್ಕು ಹಾಳಾಗುತ್ತದೆ? ಬಡ ವಿದ್ಯಾರ್ಥಿಯದು, ಅನಾಥ ಮಗುವಿನದು. ಆದ್ದರಿಂದ ಬರೆದಿಡಿ, ಎಲ್ಲರೂ ಓದುವಂತೆ ಇಡಿ, ಹಳೆಯದನ್ನು ಅಳಿಸದಿರಿ, ನಿಮ್ಮ ನಂತರ ಮತ್ತೊಬ್ಬರು ಮುಂದುವರಿಸುವಂತೆ ಈಗಲೇ ಒಪ್ಪಿಸಿಕೊಡಿ.

ವಿದ್ಯಾರ್ಥಿಗಳೇ, ನಿಮಗೆ ಇನ್ನೊಂದು ಮಾತು. ಪೋಸ್ಟೆಲ್ ತಿದ್ದಿದ ಪತ್ರಗಳೆಲ್ಲ ಇಂದಿಗೂ ಉಚಿತವಾಗಿ ಲಭ್ಯ. ಕೊಡಗಿನ ಯಾವುದೋ ತೋಟದ ಲೈನ್‌ಮನೆಯಲ್ಲಿ ಬೆಳೆದ ಹುಡುಗಿಯೂ, ಅಮೆರಿಕದ ದೊಡ್ಡ ವಿಶ್ವವಿದ್ಯಾಲಯದ ಹುಡುಗನೂ ಓದುವುದು ಅದೇ ಪುಟವನ್ನು. ಮೊಬೈಲಿನಲ್ಲಿ ಸುಮ್ಮನೆ ಬೆರಳಾಡಿಸುವ ಸಮಯದಲ್ಲಿ ದಿನಕ್ಕೆ ಅರ್ಧ ಗಂಟೆ ತೆಗೆದು, ಆ ಮೊಬೈಲಿನ ಒಳಗೆ ನಡೆಯುವುದೇನೆಂದು ಕಲಿಯಿರಿ. ಮೊದಲು ಯುಡಿಪಿಯ ಪತ್ರ ಓದಿ, ಅದು ಮೂರೇ ಪುಟ. ಬಳಕೆದಾರರಾಗಿ ಮಾತ್ರ ಉಳಿಯದೆ ಈ ಜಾಲವನ್ನು ಕಟ್ಟುವವರೂ ಕಾಯುವವರೂ ಆಗುವ ಸೌಭಾಗ್ಯವನ್ನು ಅಲ್ಲಾಹನು ನಿಮಗೆ ಕರುಣಿಸಲಿ. ಆಮೀನ್.